ಮೂರು ರೈಲು, ಮೂರು ಬೋಗಿ

ಮಧ್ಯಾಹ್ನ ಎರಡೂವರೆ ಹೊತ್ತಿಗೆ ಬಿಂಗೊ-ಒಚಿಯಾಯ್ ಅನ್ನುವ ಸ್ಟೇಷನ್ನಿನಲ್ಲಿ ಮೂರು ರೈಲುಗಳು ಒಟ್ಟಿಗೆ ನಿಲ್ಲುತ್ತವೆ. ಜಪಾನಿನ ಹಿರೋಶಿಮಾ ಪ್ರಾಂತ್ಯದಲ್ಲಿ, ಬೆಟ್ಟಗಳ ನಡುವೆ ಇರುವ ಜಂಕ್ಷನ್ ಇದು. ಒಂದು ರೈಲು ಪೂರ್ವದ ನಿಯಿಮಿ ಕಡೆಯಿಂದ ಬರುತ್ತದೆ. ಒಂದು ಪಶ್ಚಿಮದ ಮಿಯೋಶಿ ಕಡೆಯಿಂದ. ಮೂರನೆಯದು ಉತ್ತರದ ಕಿಸುಕಿ ಲೈನಿನಿಂದ, ಬೆಟ್ಟ ಇಳಿದು. ಮೂರು ರೈಲು ಅಂದೆ. ಒಟ್ಟು ಬೋಗಿಗಳೂ ಮೂರೇ.

ನಾನು ಹೋದ ದಿನ ಆ ಪ್ಲಾಟ್‌ಫಾರಮ್ಮಿನಲ್ಲಿ ಒಂದು ಸಣ್ಣ ಜಾತ್ರೆ. ಸುಮಾರು ಮೂವತ್ತು ಜನ ಕ್ಯಾಮೆರಾ ಹಿಡಿದು ಅತ್ತಿಂದಿತ್ತ ಓಡುತ್ತಿದ್ದರು. ಮೂರೂ ಬೋಗಿ ಒಂದೇ ಫೋಟೋದಲ್ಲಿ ಬರಬೇಕಲ್ಲ! ಡೀಸೆಲ್ ಇಂಜಿನ್ನುಗಳು ಗುರ್‌ಗುರ್ ಅನ್ನುತ್ತಿದ್ದವು. ಸ್ವಲ್ಪ ಹೊತ್ತು, ಅಷ್ಟೇ. ಒಂದು ರೈಲಿನಿಂದ ಇಳಿದವರು ಇನ್ನೊಂದಕ್ಕೆ ಹತ್ತಿದರು. ಒಂದಾದ ಮೇಲೆ ಒಂದು ಮೂರೂ ಮೂರು ದಿಕ್ಕಿಗೆ ಹೊರಟವು. ನಾನು ಹತ್ತಿದ್ದು ಮಿಯೋಶಿ ಕಡೆಯದಕ್ಕೆ. ಹಿಂದಿನ ಗಾಜಿನಿಂದ ನೋಡಿದರೆ ಪ್ಲಾಟ್‌ಫಾರಮ್ಮಿನಲ್ಲಿ ಒಂದು ನರಪಿಳ್ಳೆ ಇಲ್ಲ.

ಅಂದರೆ ಆ ಮೂವತ್ತು ಜನರಲ್ಲಿ ಒಬ್ಬನಿಗೂ ಆ ಊರಲ್ಲಿ ಕೆಲಸವಿರಲಿಲ್ಲ. ನನಗೂ ಇರಲಿಲ್ಲ. ಆಮೇಲೆ ತುಂಬಾ ದಿನ ಇದೇ ತಲೆಯಲ್ಲಿ ಕೂತಿತ್ತು.

ಇದು ಶುರುವಾದದ್ದು ಒಕಯಾಮಾದಲ್ಲಿ. ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆ. ಜಪಾನಿಗೆ ಹೋದ ಎಲ್ಲರ ಹಾಗೆ ಮೊದಲು ಬುಲೆಟ್ ಟ್ರೇನ್ ನೋಡಿ ಬಾಯಿ ಬಿಟ್ಟಿದ್ದೂ ಆಯಿತು. ನಿಜ ಹೇಳಬೇಕೆಂದರೆ ಅದು ವಿಮಾನದ ಹಾಗೆ. ಹತ್ತುತ್ತೀರಿ, ಇಳಿಯುತ್ತೀರಿ, ನಡುವೆ ಏನೂ ಆಗುವುದಿಲ್ಲ. ಒಂದು ಜನವರಿಯಲ್ಲಿ ಸುಮ್ನೆ ತ್ಸುಯಾಮಾ ಅನ್ನುವ ಊರಿಗೆ ಹೋಗಿ, ಅಲ್ಲಿಂದ ನಿಯಿಮಿಗೆ ಹೋಗುವ ಕಿಶಿನ್ ಲೈನಿನ ರೈಲಿಗೆ ಕಾದು ನಿಂತೆ. ಬಂದದ್ದು ಒಂದೇ ಬೋಗಿ. ಇಂಜಿನ್ ಬೇರೆ ಇಲ್ಲ, ಹಿಂದೆ ಗಾರ್ಡ್ ಡಬ್ಬಿ ಇಲ್ಲ. ಉಳಿದ ರೈಲು ಹಿಂದೆ ಬರುತ್ತಿದೆಯೇನೋ ಅಂತ ನಾನು ಒಂದು ಕ್ಷಣ ಹಳಿಯ ಕಡೆ ನೋಡಿದ್ದು ಸುಳ್ಳಲ್ಲ.

ನಾನು ಮುಂದಿನ ಬಾಗಿಲ ಎದುರು ನಿಂತೆ. ಬಾಗಿಲು ತೆರೆಯಲಿಲ್ಲ. ಚಳಿ ಅಂದರೆ ಚಳಿ. ಒಳಗೆ ಬೆಚ್ಚಗೆ ಕೂತಿದ್ದ ಜನ ನನ್ನನ್ನು ನೋಡುತ್ತಿದ್ದಾರೆ, ನಾನು ಅವರನ್ನು ನೋಡುತ್ತಿದ್ದೇನೆ. ಕೊನೆಗೆ ಸ್ಕೂಲ್ ಯೂನಿಫಾರ್ಮಿನ ಹುಡುಗಿಯೊಬ್ಬಳು ಎದ್ದು ಹೋಗಿ, ಹಿಂದಿನ ಬಾಗಿಲ ಪಕ್ಕದ ಗುಂಡಿ ಒತ್ತಿದಳು. ಆ ಬಾಗಿಲು ತೆರೆಯಿತು. ಹತ್ತುವುದು ಹಿಂದಿನಿಂದ, ಇಳಿಯುವುದು ಮುಂದಿನಿಂದ. ಅದೂ ಗುಂಡಿ ಒತ್ತಿದರೆ ಮಾತ್ರ. ಒಳಗಿನ ಬಿಸಿ ಸುಮ್ಮನೆ ಹೊರಗೆ ಹೋಗಬಾರದಲ್ಲ, ಅದಕ್ಕೆ. ಆ ಹುಡುಗಿ ವಾಪಸ್ ಹೋಗಿ ಕೂತು ಮೊಬೈಲ್ ನೋಡತೊಡಗಿದಳು. ದಿನಾ ಹೋಗುವವಳಿಗೆ ಇದೇನು ದೊಡ್ಡ ವಿಷಯ.

ಈ ಬೋಗಿಗೆ ಅಲ್ಲಿ ಕಿಹಾ ಅನ್ನುತ್ತಾರೆ. ನಾನು ಹತ್ತಿದ್ದು ಕಿಹಾ 120. ‘ಕಿ’ ಅಂದರೆ ಕಿದೋಶಾ, ತನ್ನದೇ ಇಂಜಿನ್ ಇರುವ ಗಾಡಿ. ‘ಹಾ’ದ ಕಥೆ ಇನ್ನೂ ಚೆನ್ನಾಗಿದೆ. ನಮಗೆ ಅ, ಆ, ಇ ಇರುವಂತೆ ಜಪಾನಿನವರಿಗೆ ಹಳೆಯ ಕ್ರಮದಲ್ಲಿ ಇ, ರೋ, ಹಾ. ಬೋಗಿಗಳಿಗೆ ದರ್ಜೆ ಇದ್ದ ಕಾಲದಲ್ಲಿ ‘ಇ’ ಅಂದರೆ ಫಸ್ಟ್ ಕ್ಲಾಸ್, ‘ರೋ’ ಸೆಕೆಂಡ್, ‘ಹಾ’ ಥರ್ಡ್ ಕ್ಲಾಸ್. 1960ರಲ್ಲಿ ಥರ್ಡ್ ಕ್ಲಾಸ್ ಅನ್ನುವ ಹೆಸರೇ ಹೋಯಿತು. ಬೋಗಿಯ ಮೈಮೇಲೆ ಮಾತ್ರ ‘ಹಾ’ ಇವತ್ತಿಗೂ ಉಳಿದಿದೆ. ಅಂದರೆ ಕಿಹಾ ಅಂದರೆ ‘ಇಂಜಿನ್ ಇರುವ ಥರ್ಡ್ ಕ್ಲಾಸು’. ಇದು ಗೊತ್ತಾದ ದಿನ ನನಗೆ ಆ ಗಾಡಿಯ ಮೇಲೆ ಪ್ರೀತಿ ಹುಟ್ಟಿತು.

ಕಿಹಾಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಕಿಹಾ 40. 1977ರಿಂದ 1982ರವರೆಗೆ, ಅಕ್ಕಪಕ್ಕದ ಮಾದರಿಗಳೂ ಸೇರಿ 888 ಬೋಗಿಗಳನ್ನು ಜಪಾನ್ ರಾಷ್ಟ್ರೀಯ ರೈಲ್ವೆ ಮಾಡಿಸಿತು. ಉಕ್ಕಿನ ಗಟ್ಟಿ ಮೈ. ಮೂವತ್ತೈದು ಟನ್ನಿಗೂ ಜಾಸ್ತಿ ತೂಕ. ಇಂಜಿನ್ ಮಾತ್ರ 220 ಅಶ್ವಶಕ್ತಿಯದು. ಭೀಮನ ಮೈಗೆ ಗುಬ್ಬಿಯ ಗುಂಡಿಗೆ. ಏರು ಬಂದರೆ ಅದು ಪಡುವ ಪಾಡು ಕೇಳಬೇಕು. ಶಬ್ದ ಮುಗಿಲಿಗೆ, ವೇಗ ಸೈಕಲ್ಲಿಗೆ. ಆಮೇಲೆ ಎಷ್ಟೋ ಬೋಗಿಗಳಿಗೆ ಹೊಸ ಇಂಜಿನ್ ಕೂರಿಸಿದರು. ಬಣ್ಣವೂ ಒಂದೇ, ಮೈಪೂರ್ತಿ ಕೆಂಪು-ಕಿತ್ತಳೆ. ಎರಡು ಬಣ್ಣ ಹೊಡೆದರೆ ಖರ್ಚು ಜಾಸ್ತಿ ಅಂತ ಒಂದಕ್ಕೇ ಇಳಿಸಿದ್ದು. ಜನ ಅದಕ್ಕೆ ‘ತಾರಾಕೊ’ ಅಂತ ಅಡ್ಡಹೆಸರು ಇಟ್ಟರು. ತಾರಾಕೊ ಅಂದರೆ ಉಪ್ಪು ಹಾಕಿದ ಮೀನಿನ ಮೊಟ್ಟೆ. ದುಡ್ಡು ಉಳಿಸಲು ಹೊಡೆದ ಬಣ್ಣಕ್ಕೆ ಈಗ ಅಭಿಮಾನಿಗಳು ಹುಡುಕಿಕೊಂಡು ಬರುತ್ತಾರೆ.

ಕಿಹಾ 120 ಅದರ ತಮ್ಮ. 1990ರ ದಶಕದ್ದು, ಹಗುರ. ಉದ್ದ ಸುಮಾರು 16 ಮೀಟರ್. ನಮ್ಮ ದೂರದೂರಿನ ಬಸ್ಸಿಗಿಂತ ನಾಲ್ಕು ಮೀಟರ್ ಉದ್ದ ಅಂದುಕೊಳ್ಳಿ. ಮೊದಲು ಬಂದಾಗ ಇದರಲ್ಲಿ ಟಾಯ್ಲೆಟ್ಟೇ ಇರಲಿಲ್ಲ. ಒಂದೂವರೆ ಎರಡು ಗಂಟೆ ಕಾಡಿನಲ್ಲಿ ಹೋಗುವ ರೈಲು, ಟಾಯ್ಲೆಟ್ ಇಲ್ಲ! ಜನ ಬೈದ ಮೇಲೆ ಸೇರಿಸಿದರು. ರೈಲಿನಿಂದ ಒಂದೊಂದೇ ತೆಗೆಯುತ್ತ ಹೋದರೆ ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಅವರಿಗೆ ಆಗ ಗೊತ್ತಾಗಿರಬೇಕು.

ತೆಗೆದದ್ದರಲ್ಲಿ ದೊಡ್ಡದು ಕಂಡಕ್ಟರನ್ನು. ರೈಲಿನ ಮುಖದ ಮೇಲೇ ಬರೆದಿರುತ್ತದೆ, ‘ವಾನ್‌ಮಾನ್’ ಅಂತ. ಒನ್ ಮ್ಯಾನ್. ಡ್ರೈವರ್ ಒಬ್ಬನೇ. ಹತ್ತುವಾಗ ಬಾಗಿಲ ಹತ್ತಿರದ ಪೆಟ್ಟಿಗೆಯಿಂದ ಒಂದು ಚೀಟಿ ಎಳೆದುಕೊಳ್ಳಬೇಕು. ಸೇರಿಕೆನ್ ಅಂತ ಅದರ ಹೆಸರು. ಅದರಲ್ಲಿ ನೀವು ಹತ್ತಿದ ಸ್ಟೇಷನ್ನಿನ ನಂಬರ್ ಇರುತ್ತದೆ. ಮುಂದೆ ಡ್ರೈವರ್ ತಲೆಯ ಮೇಲೆ ಒಂದು ಬೋರ್ಡು. ಪ್ರತಿ ಸ್ಟೇಷನ್ ದಾಟಿದ ಹಾಗೆ ಆ ನಂಬರಿನ ಕೆಳಗೆ ದುಡ್ಡು ಏರುತ್ತ ಹೋಗುತ್ತದೆ. ಇಳಿಯುವಾಗ ಚೀಟಿ, ಚಿಲ್ಲರೆ ಎರಡನ್ನೂ ಪೆಟ್ಟಿಗೆಗೆ ಹಾಕಿ ಇಳಿಯಬೇಕು. ಡ್ರೈವರ್ ಗಾಡಿ ನಿಲ್ಲಿಸಿ, ತಿರುಗಿ ಕೂತು, ನಿಮ್ಮ ಕೈ ನೋಡಿ, ತಲೆ ಬಾಗಿಸಿ ‘ಅರಿಗಾತೊ ಗೊಝಾಯಿಮಾಶಿತಾ’ ಅನ್ನುತ್ತಾನೆ. ಆಮೇಲೆ ಮತ್ತೆ ತಿರುಗಿ ರೈಲು ಓಡಿಸುತ್ತಾನೆ.

ಆವತ್ತು ನನ್ನ ಹತ್ತಿರ ಇದ್ದದ್ದು ಹತ್ತು ಸಾವಿರ ಯೆನ್ನಿನ ನೋಟು ಒಂದೇ. ಪೆಟ್ಟಿಗೆಗೆ ಸಾವಿರದ ನೋಟು ಮಾತ್ರ ಆಗುತ್ತದೆ. ಚಿಲ್ಲರೆ ಸಮಸ್ಯೆ ಕನ್ನಡಿಗನಿಗೆ ಹೊಸದಲ್ಲ. ನಮ್ಮ ಕಂಡಕ್ಟರ್ ಆದರೆ ಟಿಕೆಟ್ ಹಿಂದೆ ಬರೆದುಕೊಟ್ಟು ‘ಇಳಿಯುವಾಗ ಇಸ್ಕೊಳ್ಳಿ’ ಅಂದು ಮುಂದೆ ಹೋಗುತ್ತಿದ್ದರು. ಇಲ್ಲಿ ಇಡೀ ರೈಲು ನಿಂತಿತು. ಡ್ರೈವರ್ ಬೈಯಲಿಲ್ಲ. ತನ್ನ ಗಡಿಯಾರ ನೋಡಿಕೊಂಡ. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ಹಿಂದಿನಿಂದ ಒಬ್ಬರು ಅಜ್ಜ ಬಂದು, ಬೆರಳಿಗೆ ಎಂಜಲು ಹಚ್ಚಿಕೊಂಡು, ಸಾವಿರ ಯೆನ್ನಿನ ಹತ್ತು ನೋಟುಗಳನ್ನು ಎಣಿಸಿ ಕೊಟ್ಟರು. ಎಂಜಲು ಹಚ್ಚಿ ನೋಟು ಎಣಿಸುವುದು ನಮ್ಮ ಕಡೆ ಮಾತ್ರ ಅಂದುಕೊಂಡಿದ್ದೆ.

ಆ ಗಡಿಯಾರದ ಬಗ್ಗೆ ಹೇಳಲೇಬೇಕು. ಡ್ರೈವರ್ ಎದುರಿನ ಹಲಗೆಯಲ್ಲಿ ಒಂದು ಗುಂಡಗಿನ ಗುಳಿ ಇರುತ್ತದೆ. ಜೇಬಿನ ಗಡಿಯಾರವನ್ನು ಅದರಲ್ಲಿ ಕೂರಿಸುತ್ತಾನೆ. ಬಿಳಿ ಗ್ಲೌಸು ಹಾಕಿದ ಬೆರಳಿನಿಂದ ಸಿಗ್ನಲ್ ತೋರಿಸಿ ಗಟ್ಟಿಯಾಗಿ ‘ಶುಪ್ಪಾತ್ಸು ಶಿಂಕೊ!’ ಅನ್ನುತ್ತಾನೆ. ನಾನು ಇದನ್ನು ‘ಹೊರಡೋಣ’ ಅಂತ ತಿಳಿದಿದ್ದೆ, ನಮ್ಮ ಬಸ್ಸಿನ ‘ರೈಟ್, ರೈಟ್’ ಇದ್ದ ಹಾಗೆ. ಹಾಗಲ್ಲವಂತೆ. ಶುಪ್ಪಾತ್ಸು ಅಂದರೆ ಹೊರಡುವ ಸಿಗ್ನಲ್. ಶಿಂಕೊ ಅಂದರೆ ಅದು ಹಸಿರು ತೋರಿಸುತ್ತಿದೆ. ಹೊರಡುವ ಸಿಗ್ನಲ್ ಹಸಿರಾಗಿದೆ ಅಂತ ಕಣ್ಣಿಗೆ ಕಂಡದ್ದನ್ನು ಬೆರಳಿಗೂ ಬಾಯಿಗೂ ಹೇಳುವುದು. ಕೈ, ಕಣ್ಣು, ಬಾಯಿ, ಕಿವಿ ನಾಲ್ಕೂ ಸೇರಿದರೆ ತಪ್ಪು ಕಡಿಮೆ ಅನ್ನುವ ಲೆಕ್ಕ. ಕಂಡಕ್ಟರನ್ನು ತೆಗೆದರು, ಸ್ಟೇಷನ್ ಮಾಸ್ಟರನ್ನು ತೆಗೆದರು, ಬೋಗಿಗಳನ್ನು ತೆಗೆದರು. ಇದನ್ನು ತೆಗೆಯಲಿಲ್ಲ. ಒಳಗೆ ಮೂರೇ ಜನ ಇದ್ದರೂ, ಯಾರೂ ಕೇಳಿಸಿಕೊಳ್ಳದಿದ್ದರೂ, ಬೆರಳು ಎತ್ತಿ ಹೇಳುತ್ತಾನೆ. ಮುಂದಿನ ಗಾಜಿನ ಹತ್ತಿರ ನಿಂತು ಇದನ್ನು ನೋಡುವುದೇ ನನಗೆ ಒಂದು ಚಟವಾಯಿತು.

ಹೀಗೆ ವಾರಾಂತ್ಯ ಬಂದರೆ ಸಾಕು, ಎಲ್ಲಿ ಒಂಟಿ ಬೋಗಿ ಓಡುತ್ತದೋ ಅಲ್ಲಿಗೆ ಹೊರಡುತ್ತಿದ್ದೆ. ಇದಕ್ಕೆ ಸರಿಯಾದ ಟಿಕೆಟ್ಟೂ ಇದೆ. ‘ಸೇಶುನ್ 18’ ಅಂತ. 1982ರಿಂದ ಇದೆ. ಹೆಸರಿನಲ್ಲಿ ಹದಿನೆಂಟರ ಹರೆಯ ಇದ್ದರೂ ವಯಸ್ಸಿನ ಮಿತಿ ಇಲ್ಲ. ನಿಧಾನದ ರೈಲುಗಳಲ್ಲಿ ಮಾತ್ರ ನಡೆಯುತ್ತದೆ, ದಿನವಿಡೀ ಎಷ್ಟು ಬೇಕಾದರೂ ಸುತ್ತಬಹುದು. ರಜೆಯ ದಿನಗಳಲ್ಲಿ ಒಂಟಿ ಬೋಗಿಯೊಳಗೆ ಕೂತು ಸುತ್ತ ನೋಡಿದರೆ ಅರ್ಧಕ್ಕರ್ಧ ಜನರ ಕೈಯಲ್ಲಿ ಇದೇ ಟಿಕೆಟ್. ಬಹುಪಾಲು ಗಂಡಸರು, ನಡುವಯಸ್ಸಿನವರು, ಒಬ್ಬೊಬ್ಬರೇ. ನನ್ನಂಥವರು. ಅಲ್ಲಿನ ಭಾಷೆಯಲ್ಲಿ ನಾವು ‘ನೋರಿತೆತ್ಸು’, ರೈಲು ಹತ್ತುವ ಹುಚ್ಚಿನವರು. ಫೋಟೋ ಹುಚ್ಚಿನವರು ‘ತೋರಿತೆತ್ಸು’. ಮೂರನೆಯ ಹೆಸರೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ರೈಲುಗಳು ಖಾಲಿಯಾದದ್ದು ಇವತ್ತು ನಿನ್ನೆಯಲ್ಲ. ಹಳ್ಳಿಗಳಿಗೆ ರಸ್ತೆ ಬಂತು, ಮನೆಗೊಂದು ಕಾರು ಬಂತು, ಮಕ್ಕಳು ಓಸಾಕಾ, ತೋಕಿಯೋ ಸೇರಿದರು. ಇದು ನಮಗೂ ಗೊತ್ತಿರುವ ಕಥೆಯೇ. 1980ರಲ್ಲಿ ಜಪಾನ್ ಸರ್ಕಾರ ಒಂದು ಕಾನೂನು ತಂದಿತು. ಒಂದು ಲೈನಿನ ಪ್ರತಿ ಕಿಲೋಮೀಟರಿನ ಮೇಲೂ ದಿನಕ್ಕೆ ಸರಾಸರಿ ಎಷ್ಟು ಜನ ಹೋಗುತ್ತಾರೆ ಅಂತ ಲೆಕ್ಕ ಹಾಕುವುದು. 4,000ಕ್ಕಿಂತ ಕಡಿಮೆ ಇದ್ದರೆ ಆ ಲೈನು ಸಂಶಯದ ಪಟ್ಟಿಗೆ. ಹಾಗೆ 83 ಲೈನುಗಳನ್ನು ಆರಿಸಿದರು. 45 ಲೈನುಗಳಿಗೆ ಬಸ್ಸು ಬಂತು. 38 ಲೈನುಗಳು ರೈಲಾಗಿಯೇ ಉಳಿದವು, ಹೆಚ್ಚಿನವನ್ನು ಊರಿನವರು, ಪ್ರಾಂತ್ಯದವರು ಸೇರಿ ಕಂಪನಿ ಮಾಡಿಕೊಂಡು ಉಳಿಸಿಕೊಂಡರು. 1987ರ ಏಪ್ರಿಲ್ 1ಕ್ಕೆ ರಾಷ್ಟ್ರೀಯ ರೈಲ್ವೆಯೇ ಹೋಯಿತು. ಅದನ್ನು ಆರು ಪ್ರಯಾಣಿಕ ಕಂಪನಿ, ಒಂದು ಗೂಡ್ಸ್ ಕಂಪನಿಯಾಗಿ ಒಡೆದರು.

ಆಗ 4,000ಕ್ಕೆ ಹೆದರುತ್ತಿದ್ದರು. ಬಿಂಗೊ-ಒಚಿಯಾಯ್‌ಗೆ ನಾನು ಹೋದ ಗೇಬಿ ಲೈನಿನಲ್ಲಿ ತೋಜೋದಿಂದ ಬಿಂಗೊ-ಒಚಿಯಾಯ್‌ವರೆಗೆ 25.8 ಕಿಲೋಮೀಟರ್ ಇದೆ. 2019ರಲ್ಲಿ ಅಲ್ಲಿನ ಅದೇ ಲೆಕ್ಕ 11. 2020ರಲ್ಲಿ, ಕೊರೋನಾ ವರ್ಷದಲ್ಲಿ, 9.

ಒಂಬತ್ತು ಸಾವಿರವಲ್ಲ. ಒಂಬತ್ತು.

2022ರ ಏಪ್ರಿಲ್‌ನಲ್ಲಿ ಆ ಲೈನು ಓಡಿಸುವ ರೈಲು ಕಂಪನಿ ತನ್ನ ಬಡ ಲೈನುಗಳ ಖರ್ಚುವೆಚ್ಚ ಬಹಿರಂಗ ಮಾಡಿತು. ಈ ತುಂಡಿನಲ್ಲಿ 100 ಯೆನ್ ಗಳಿಸಲು 25,416 ಯೆನ್ ಖರ್ಚಾಗುತ್ತಿತ್ತು. ಈ ಅಂಕಿ ಓದಿ ನಾನು ಮೊದಲು ನಕ್ಕೆ. ಆಮೇಲೆ ಲೆಕ್ಕ ಹಾಕಿ ನೋಡಿದೆ. ನಾನು ಕೊಡುವ ಒಂದೊಂದು ಯೆನ್ನಿನ ಹಿಂದೆ ಬೇರೆ ಯಾರೋ 253 ಯೆನ್ ಕೊಡುತ್ತಿದ್ದಾರೆ. ನಾನು ಸುಮ್ನೆ ಕಿಟಕಿ ನೋಡಲಿ ಅಂತ.

ಆ ತುಂಡಿನಲ್ಲಿ ದಿನಕ್ಕೆ ಹೋಗುವುದು ಮೂರು ರೈಲು, ಬರುವುದು ಮೂರು. ಕೆಲವು ಕಡೆ ಗಾಡಿ ಗಂಟೆಗೆ 25 ಕಿಲೋಮೀಟರಿಗೆ ಇಳಿಯುತ್ತದೆ. ಗುಡ್ಡದಿಂದ ಕಲ್ಲು ಬೀಳಬಹುದಾದ ಜಾಗಗಳವು. ಪ್ರತಿ ಗುಡ್ಡಕ್ಕೂ ಗೋಡೆ ಕಟ್ಟಲು ದುಡ್ಡಿಲ್ಲ. ನಿಧಾನಕ್ಕೆ ಹೋದರೆ ಕಲ್ಲು ಕಂಡಾಗ ನಿಲ್ಲಿಸಬಹುದು. ಬ್ರೇಕ್ ಹಾಕಿದ್ದು ಗೊತ್ತಾಗುತ್ತದೆ, ಇಂಜಿನ್ ಸದ್ದು ಸತ್ತುಹೋಗುತ್ತದೆ, ಮರದ ಕೊಂಬೆಗಳು ಕಿಟಕಿಗೆ ಬಡಿಯುತ್ತವೆ. ಟಕ್... ಟಕ್... ಅಂತ ಹಳಿಯ ಸಂದುಗಳನ್ನು ಎಣಿಸುತ್ತ ಹೋಗಬಹುದು. ಪಕ್ಕದ ರಸ್ತೆಯಲ್ಲಿ ಒಂದು ಸಣ್ಣ ಟ್ರಕ್ ನಮ್ಮನ್ನು ದಾಟಿ ಹೋಯಿತು. ಸತ್ಯ ಹೇಳುತ್ತೇನೆ, ನನಗೆ ಸ್ವರ್ಗ. ಆಸ್ಪತ್ರೆಗೆ ಹೋಗಬೇಕಾದವರಿಗೆ?

ಇಲ್ಲಿ ನಮ್ಮ ವಾಟ್ಸಾಪಿನಲ್ಲಿ ಓಡಾಡಿದ ಒಂದು ಕಥೆ ನೆನಪಾಗುತ್ತದೆ. ನಿಮಗೂ ಬಂದಿರುತ್ತದೆ. ಜಪಾನಿನ ಹೊಕ್ಕೈದೋ ದ್ವೀಪದಲ್ಲಿ ಒಬ್ಬಳೇ ಒಬ್ಬ ಸ್ಕೂಲ್ ಹುಡುಗಿಗಾಗಿ ಒಂದು ಸ್ಟೇಷನ್ನನ್ನು ಮುಚ್ಚದೆ ಇಟ್ಟಿದ್ದಾರೆ, ಅವಳು ಪಾಸಾಗುವವರೆಗೆ ರೈಲು ಬರುತ್ತದೆ ಅಂತ. 2016ರ ಜನವರಿಯಲ್ಲಿ ಪ್ರಪಂಚವೆಲ್ಲ ಸುತ್ತಿತು. ಕೆಳಗೆ ‘ನಮ್ಮ ದೇಶ ಯಾವಾಗ ಹೀಗಾಗುತ್ತೋ’ ಅಂತ ಒಂದು ನಿಟ್ಟುಸಿರು. ನಾನೂ ನಾಲ್ಕು ಜನಕ್ಕೆ ಕಳಿಸಿದ್ದೆ. ಆ ಕಥೆಯಲ್ಲಿ ಹೇಳಿದ ಸ್ಟೇಷನ್ ಕಾಮಿ-ಶಿರತಾಕಿ. ಹುಡುಗಿ ಹತ್ತುತ್ತಿದ್ದದ್ದು ಎರಡು ಸ್ಟೇಷನ್ ಆಚೆಯ ಕ್ಯೂ-ಶಿರತಾಕಿಯಲ್ಲಿ. ಆ ರೈಲಿಗೆ ಬೇರೆ ಮಕ್ಕಳೂ ಇದ್ದರು. ಎರಡೂ ಸ್ಟೇಷನ್ನುಗಳು 2016ರ ಮಾರ್ಚ್ ಕೊನೆಯಲ್ಲಿ ಮುಚ್ಚಿದವು. ಜಪಾನಿನಲ್ಲಿ ರೈಲಿನ ಟೈಮ್‌ಟೇಬಲ್ ಬದಲಾಗುವುದು ಮಾರ್ಚ್‌ನಲ್ಲಿ. ಶಾಲೆಯ ವರ್ಷ ಮುಗಿಯುವುದೂ ಮಾರ್ಚ್‌ನಲ್ಲೇ. ಎರಡೂ ಒಂದೇ ತಿಂಗಳಿಗೆ ಬಿದ್ದದ್ದಕ್ಕೆ ಕಥೆ ಹುಟ್ಟಿತು.

ಕಥೆ ಸುಳ್ಳಾಯಿತು ಅಂತ ನನಗೆ ಬೇಜಾರಾಗಲಿಲ್ಲ. ಬೇಜಾರಾದದ್ದು ಬೇರೆ. ಅದನ್ನು ನಾವು ಕರುಣೆಯ ಕಥೆ ಮಾಡಿಬಿಟ್ಟೆವು. ಅಲ್ಲಿದ್ದದ್ದು ಒಂದು ಟೈಮ್‌ಟೇಬಲ್, ಅದನ್ನು ನಂಬಿಕೊಂಡ ಕೆಲವು ಮಕ್ಕಳು. ರೈಲು ಬರುತ್ತದೆ ಅಂತ ಬರೆದಿತ್ತು, ಬರುತ್ತಿತ್ತು. ಕೊನೆಗೆ ಬರುವುದಿಲ್ಲ ಅಂತ ಬರೆದರು, ಬರಲಿಲ್ಲ.

ಅದೇ ಹೊಕ್ಕೈದೋದಲ್ಲಿ ಶಿನ್-ತೊತ್ಸುಕಾವಾ ಅನ್ನುವ ಒಂದು ಸ್ಟೇಷನ್ ಇತ್ತು. ಅಲ್ಲಿಗೆ ದಿನಕ್ಕೆ ಒಂದೇ ರೈಲು, ಅದೂ ಕಿಹಾ 40ರ ಒಂದು ಬೋಗಿ. ಬೆಳಿಗ್ಗೆ ಒಂಬತ್ತೂವರೆಗೆ ಬಂದು ಹತ್ತು ಗಂಟೆಗೆ ವಾಪಸ್. ಅದೇ ಮೊದಲ ರೈಲು, ಅದೇ ಕೊನೆಯ ರೈಲು. ‘ಜಪಾನಿನಲ್ಲೇ ಬೇಗ ಹೋಗುವ ಕೊನೆಯ ರೈಲು’ ಅಂತ ಅದಕ್ಕೆ ಹೆಸರಾಯಿತು, ಆ ಹೆಸರಿಗೇ ಜನ ಬಂದರು. 2020ರ ಮೇ ತಿಂಗಳಲ್ಲಿ ಲೈನು ಮುಚ್ಚುವುದೆಂದು ತೀರ್ಮಾನವಾಗಿತ್ತು. ಬೀಳ್ಕೊಡಲು ಎಲ್ಲೆಲ್ಲಿಂದಲೋ ಅಭಿಮಾನಿಗಳು ನುಗ್ಗುವ ಭಯ, ಜೊತೆಗೆ ಕೊರೋನಾ. ಕೊನೆಯ ರೈಲನ್ನು ಹಿಂದಕ್ಕೆ ತಂದು ಏಪ್ರಿಲ್ 17ಕ್ಕೇ ಮುಗಿಸಿಬಿಟ್ಟರು.

ಮೂರನೆಯ ಹೆಸರು ಈಗ ಹೇಳುತ್ತೇನೆ. ‘ಸೋಶಿಕಿತೆತ್ಸು’. ಸೋಶಿಕಿ ಅಂದರೆ ಶವಸಂಸ್ಕಾರ. ಲೈನು ಮುಚ್ಚುತ್ತದೆ ಅಂತ ಸುದ್ದಿ ಬಂದ ಮೇಲೆ ಓಡಿ ಬರುವ ರೈಲುಪ್ರೇಮಿಗಳಿಗೆ ಜಪಾನಿನವರೇ ಇಟ್ಟ ಹೆಸರು. ಬದುಕಿದ್ದಾಗ ಬಾರದೆ ಹೆಣ ಎತ್ತುವ ಹೊತ್ತಿಗೆ ಅಳುತ್ತ ಬರುವ ನೆಂಟರ ಬಗ್ಗೆ ನಮ್ಮ ಊರಲ್ಲಿ ಏನು ಮಾತಾಡಿಕೊಳ್ಳುತ್ತಾರೋ ಅದೇ ದನಿ. ನನಗೆ ಅದು ಸ್ವಲ್ಪ ತಾಗಿತು. ಗೇಬಿ ಲೈನಿಗೆ ನಾನು ಯಾಕೆ ಹೋದೆ? ಆ 9 ಅನ್ನುವ ಸಂಖ್ಯೆ ಓದಿದ್ದಕ್ಕೆ.

ಅಭಿಮಾನಿಗಳಿಂದ ಏನೂ ಉಪಯೋಗವಿಲ್ಲ ಅಂತಲೂ ಹೇಳುವ ಹಾಗಿಲ್ಲ. ಚಿಬಾ ಪ್ರಾಂತ್ಯದ ಇಸುಮಿ ರೈಲ್ವೆ 2010ರಲ್ಲಿ ಒಂದು ವಿಚಿತ್ರ ಜಾಹೀರಾತು ಹಾಕಿತು. ಡ್ರೈವರ್ ಬೇಕಾಗಿದ್ದಾರೆ, ತರಬೇತಿಯ ಖರ್ಚು 70 ಲಕ್ಷ ಯೆನ್, ಅದನ್ನು ಕೊಡಬೇಕಾದವರು ನೀವೇ. ಜನ ಬಂದರು! ಚಿಕ್ಕಂದಿನಿಂದ ಡ್ರೈವರ್ ಆಗುವ ಆಸೆ ಇಟ್ಟುಕೊಂಡು ಆಫೀಸಿನಲ್ಲಿ ಕೂದಲು ನರೆತವರು. ನನ್ನ ಹೆಂಡತಿಗೆ ಇದನ್ನು ಹೇಳಿದೆ. ಅವಳು ನನ್ನ ಮುಖ ನೋಡಿದ ರೀತಿಯಲ್ಲೇ ಉತ್ತರ ಇತ್ತು.

ಆದರೂ ಒಂಟಿ ಬೋಗಿಯನ್ನು ‘ಪಾಪ’ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೆ ಕಾರಣ ಸಾನ್‌ರಿಕು ರೈಲ್ವೆ. ಈಶಾನ್ಯದ ಕರಾವಳಿಯ ಲೈನಿದು. 1984ರಲ್ಲಿ, ಊರಿನವರೇ ಕಂಪನಿ ಕಟ್ಟಿ ಉಳಿಸಿಕೊಂಡ ಲೈನುಗಳಲ್ಲಿ ಮೊದಲನೆಯದು. 2011ರ ಮಾರ್ಚ್ 11ರ ಸುನಾಮಿಯಲ್ಲಿ ಹಳಿ, ಸೇತುವೆ, ಸ್ಟೇಷನ್ ಕೊಚ್ಚಿಹೋದವು. ಅವರ ಒಂದು ಗಾಡಿ ಭೂಕಂಪದ ಹೊತ್ತಿಗೆ ಸುರಂಗದೊಳಗೆ ನಿಂತಿತ್ತು, ಹಾಗಾಗಿ ಉಳಿಯಿತು. ಐದೇ ದಿನ. ಮಾರ್ಚ್ 16ಕ್ಕೆ ಕುಜಿಯಿಂದ ರಿಕುಚು-ನೋದಾವರೆಗೆ ರೈಲು ಓಡಿಸಿದರು. ಆ ದಿನಗಳಲ್ಲಿ ಟಿಕೆಟ್ ಕೇಳಲಿಲ್ಲ. ರಸ್ತೆಗಳ ತುಂಬ ಅವಶೇಷ, ಪೆಟ್ರೋಲ್ ಇಲ್ಲ. ತಮ್ಮವರು ಇದ್ದಾರೋ ಇಲ್ಲವೋ ಅಂತ ನೋಡಲು ಹೋಗುವವರು ಅದನ್ನೇ ಹತ್ತಿದರು. ಮೇಲೆ ಕರೆಂಟಿನ ತಂತಿ ಬೇಕಿಲ್ಲ, ಹೊಟ್ಟೆಯೊಳಗೆ ಡೀಸೆಲ್ ಇದ್ದರೆ ಆಯಿತು ಅನ್ನುವ ಗಾಡಿಗೆ ಅಂಥ ಹೊತ್ತಿನಲ್ಲಿ ಒಂದು ಬೆಲೆ ಇದೆ. ಪೂರ್ತಿ ಲೈನು ಮತ್ತೆ ಶುರುವಾದದ್ದು 2014ರ ಏಪ್ರಿಲ್‌ನಲ್ಲಿ. ಆಗ ಬಂದ ಹೊಸ ಬೋಗಿಗಳ ಮೇಲೆ ಕುವೈತ್ ದೇಶದ ಲಾಂಛನ ಇದೆ. ಕುವೈತ್ ಪರಿಹಾರವಾಗಿ ಕಚ್ಚಾ ತೈಲ ಕೊಟ್ಟಿತ್ತು, ಅದರ ಹಣದಲ್ಲಿ ಕೊಂಡವು. ಎಣ್ಣೆಯ ದುಡ್ಡಿನಲ್ಲಿ ಎಣ್ಣೆಯ ಗಾಡಿ.

ಫುಕುಶಿಮಾ ಪ್ರಾಂತ್ಯದ ತಾದಾಮಿ ಲೈನಿನದ್ದು ಇನ್ನೊಂದು ರೀತಿ. ಅದೇ 2011ರ ಜುಲೈ ಮಳೆಯಲ್ಲಿ ಸೇತುವೆಗಳು ಕೊಚ್ಚಿಹೋಗಿ 27.6 ಕಿಲೋಮೀಟರ್ ನಿಂತುಹೋಯಿತು. ಬಸ್ಸು ಸಾಕು ಅಂತ ಬಿಟ್ಟುಬಿಡುವುದು ಸುಲಭವಿತ್ತು. ಹನ್ನೊಂದು ವರ್ಷ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ಹಳಿ ಪ್ರಾಂತ್ಯದ್ದು, ಅದರ ಮೇಲೆ ರೈಲು ಕಂಪನಿಯದ್ದು ಅಂತ ಒಪ್ಪಂದವಾಗಿ 2022ರ ಅಕ್ಟೋಬರ್ 1ಕ್ಕೆ ಮತ್ತೆ ಶುರುವಾಯಿತು. ಆ ತುಂಡಿಗೆ ದಿನಕ್ಕೆ ಮೂರು ಸಲ ಹೋಗಿಬರುವ ರೈಲು. ದುಡ್ಡಿನ ಲೆಕ್ಕ ನೋಡುವವರಿಗೆ ಇದು ಹುಚ್ಚಾಟ. ನನಗೂ ಕೆಲವು ದಿನ ಹಾಗೇ ಅನಿಸುತ್ತದೆ. ಹೊಕ್ಕೈದೋದ ಯುಬಾರಿಯ ಮೇಯರ್ ಬೇರೆ ದಾರಿ ಹಿಡಿದಿದ್ದರು. ಗಣಿ ಮುಚ್ಚಿ ದಿವಾಳಿಯಾದ ಊರು ಅದು. ಲೈನು ಮುಚ್ಚಿ, ಬದಲಿಗೆ ಬಸ್ಸಿಗೆ ಸಹಾಯ ಮಾಡಿ ಅಂತ ಅವರೇ ರೈಲು ಕಂಪನಿಗೆ ಹೇಳಿದರು. 2019ರ ಏಪ್ರಿಲ್‌ಗೆ ಆ 16.1 ಕಿಲೋಮೀಟರ್ ಹೋಯಿತು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಬೈಯಲು ನನಗೇನು ಹಕ್ಕು ಅನ್ನುವುದಕ್ಕೆ ನಮ್ಮ ಊರಿನದೇ ಒಂದು ಸಂಗತಿ ಇದೆ. ನಾನು ಸಾಗರದ ಕಡೆಯವನು. ಬ್ರಾಡ್‌ಗೇಜ್ ಬರುವ ಮೊದಲು ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್‌ಗೇಜ್ ಹಳಿ ಇತ್ತು. ಅದರ ಮೇಲೆ ಒಂದು ರೈಲ್‌ಬಸ್ ಓಡುತ್ತಿತ್ತು. ಒಂದೇ ಬೋಗಿ, ತನ್ನದೇ ಇಂಜಿನ್, ಬಸ್ಸಿನಂಥ ಮುಖ. ಅಂದಹಾಗೆ ಮೀಟರ್‌ಗೇಜ್ ಅಂದರೆ 1,000 ಮಿಲಿಮೀಟರ್. ಜಪಾನಿನ ಹಳ್ಳಿ ಲೈನುಗಳದ್ದು 1,067. ಅಗಲದಲ್ಲಿ ಹೆಚ್ಚುಕಡಿಮೆ ಅಣ್ಣತಮ್ಮಂದಿರು. ಮಳೆಗಾಲದಲ್ಲಿ ಆ ರೈಲ್‌ಬಸ್ಸು ಹಸಿರು ಗೋಡೆಯ ಮಧ್ಯೆ ನುಗ್ಗಿ ಬರುವುದನ್ನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಮಾವನ ಮನೆಗೆ ಹೋಗುವಾಗ ಅದರಲ್ಲೇ ಹೋಗೋಣ ಅಂತ ನಾನು ಹಟ ಮಾಡುತ್ತಿದ್ದೆ. ಅಪ್ಪ ಬಸ್ಸು ಹತ್ತಿಸುತ್ತಿದ್ದರು. ‘ಅದು ಯಾವಾಗ ಬರುತ್ತೋ, ಯಾವಾಗ ಮುಟ್ಟುತ್ತೋ’ ಅನ್ನುತ್ತಿದ್ದರು. ಅಪ್ಪನದ್ದು ತಪ್ಪಲ್ಲ, ಅವರಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕಿತ್ತು. ನಾನು ಅದರಲ್ಲಿ ಕೂತದ್ದು ಒಟ್ಟು ಎರಡು ಸಲ. ಈಗ ಅಲ್ಲಿ ಬ್ರಾಡ್‌ಗೇಜ್ ಮೇಲೆ ಉದ್ದುದ್ದದ ರೈಲುಗಳು ಬೆಂಗಳೂರಿಗೆ ಹೋಗುತ್ತವೆ, ಊರಿಗೆ ಅದೇ ಒಳ್ಳೆಯದು. ಎರಡು ಸಲ ಕೂತವನು ಇಪ್ಪತ್ತು ವರ್ಷ ಆದಮೇಲೆ ಇನ್ನೊಂದು ದೇಶದ ಒಂಟಿ ಬೋಗಿಗೆ ಕಣ್ಣು ತುಂಬಿಕೊಂಡು ಕೂತರೆ ಏನನ್ನಬೇಕು?

ಗೇಬಿ ಲೈನಿನ ಬಗ್ಗೆ 2024ರ ಮಾರ್ಚ್‌ನಲ್ಲಿ ಸರ್ಕಾರ, ಕಂಪನಿ, ಊರುಗಳು ಕೂತು ಮಾತು ಶುರುಮಾಡಿದವು. ಇಂಥ ಮಾತುಕತೆಗೆಂದೇ ತಂದ ಹೊಸ ಕಾನೂನಿನ ಕೆಳಗೆ ಇಡೀ ದೇಶದಲ್ಲಿ ಇದೇ ಮೊದಲನೆಯದು. ಉಳಿಸುವುದೋ, ಬಸ್ಸು ಮಾಡುವುದೋ ಅನ್ನುವ ಪ್ರಶ್ನೆ.

ನಿಯಿಮಿಯಲ್ಲಿ ನನ್ನ ಎದುರಿಗೆ ಕೂತ ಅಜ್ಜಿಯ ವಿಷಯ ನಾನು ಇನ್ನೂ ಹೇಳಲಿಲ್ಲ. ಅವತ್ತು ಮಧ್ಯಾಹ್ನ ನಿಯಿಮಿಯಲ್ಲಿ ರೈಲು ಹತ್ತಿದವರು ಹದಿನಾಲ್ಕು ಜನ. ಎಣಿಸಿದ್ದೆ. ಹನ್ನೆರಡು ಜನರ ಕೊರಳಲ್ಲಿ ಕ್ಯಾಮೆರಾ. ಉಳಿದವರು ನಿದ್ದೆ ಹೊಡೆಯುತ್ತಿದ್ದ ಒಬ್ಬ ಹುಡುಗ, ಮತ್ತು ಈ ಅಜ್ಜಿ. ಕೈಚೀಲ ಮಡಿಲಲ್ಲಿ ಇಟ್ಟುಕೊಂಡು, ಒಂದು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಹರಕುಮುರುಕು ಜಪಾನಿ ಭಾಷೆಯಲ್ಲಿ ಮಾತು ಶುರುವಾಯಿತು.

‘ಎಲ್ಲಿಗೆ?’

‘ಬಿಂಗೊ-ಒಚಿಯಾಯ್‌ಗೆ.’

‘ಅಲ್ಲಿ ಯಾರಿದ್ದಾರೆ?’

‘ಯಾರೂ ಇಲ್ಲ. ಸುಮ್ನೆ, ರೈಲು ನೋಡಲು.’

ಅಜ್ಜಿ ಕ್ಯಾಮೆರಾದವರ ಕಡೆ ಒಮ್ಮೆ ಕಣ್ಣು ಹಾಯಿಸಿದರು. ‘ನೀವೂ ಇವರ ಪೈಕಿಯೋ’ ಅನ್ನುವ ಹಾಗೆ. ಆಮೇಲೆ, ತಾವು ಹುಡುಗಿಯಾಗಿದ್ದಾಗ ಆ ಸ್ಟೇಷನ್ನಿನಲ್ಲಿ ಓದೆನ್-ಉದೋನ್ ಅನ್ನುವ ಬಿಸಿ ಸಾರಿನ ನೂಡಲ್ಸ್ ಮಾರುತ್ತಿದ್ದರು, ರೈಲು ಹೊರಡುವಷ್ಟರಲ್ಲಿ ತಿನ್ನಲು ಹೋಗಿ ನಾಲಿಗೆ ಸುಟ್ಟುಕೊಳ್ಳುತ್ತಿದ್ದೆವು ಅಂದರು. ಆಗ ಎಷ್ಟು ಬೋಗಿ ಇರುತ್ತಿದ್ದವು ಅಂತ ಕೇಳಿದೆ. ಬೋಗಿ ಯಾರು ಎಣಿಸಿದ್ದಾರೆ, ನಿಲ್ಲಲು ಜಾಗ ಸಿಕ್ಕಿದರೆ ಸಾಕಿತ್ತು ಅಂದರು. ನೀವು ನಿಯಿಮಿಗೆ ಯಾಕೆ ಹೋಗಿದ್ದಿರಿ ಅಂದೆ.

‘ಹಲ್ಲು’ ಅಂದರು, ಕೆನ್ನೆ ತೋರಿಸಿ.

ತೋಜೋ ಬರುವ ಮೊದಲೇ ಎದ್ದು, ಕಂಬಿ ಹಿಡಿದು ಮುಂದೆ ಹೋಗಿ ನಿಂತರು. ಚೀಟಿ, ಚಿಲ್ಲರೆ ಎರಡೂ ಮುಷ್ಟಿಯಲ್ಲಿ ಸಿದ್ಧವಾಗಿದ್ದವು. ನನ್ನ ಕಡೆ ತಿರುಗಿ, ಮುಂದಿನ ಗುರುವಾರ ಮತ್ತೆ ಹೋಗಬೇಕು, ಇನ್ನೂ ಎರಡು ಹಲ್ಲಿನ ಕೆಲಸ ಬಾಕಿ ಇದೆ ಅಂದರು. ಡ್ರೈವರ್ ತಲೆ ಬಾಗಿಸಿದ. ಅಜ್ಜಿಯೂ ಬಾಗಿಸಿ ಇಳಿದರು. ಬಾಗಿಲು ಮುಚ್ಚಿತು. ಡ್ರೈವರ್ ತಿರುಗಿ ಕೂತು, ಗಡಿಯಾರ ನೋಡಿ, ಬೆರಳು ಎತ್ತಿದ.